ಪೀಠಿಕೆ ಆಮೇಲೆ ಬರೆಯಿರಿ, ಮೊದಲು ಕಲ್ಲು ಓದಿ

ನಿನ್ನೆ ಒಂದು ವಿಚಾರ ಸಂಕಿರಣಕ್ಕೆ ಹೋಗಿದ್ದೆ. ಮನಸ್ಸಿಗೆ ಬಹಳ ಬೇಜಾರಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಮಧ್ಯಾಹ್ನದ ಗೋಷ್ಠಿಯಲ್ಲಿ ಪಿಎಚ್.ಡಿ. ಮಾಡುತ್ತಿರುವ ಮಕ್ಕಳು ಒಬ್ಬರಾದ ಮೇಲೊಬ್ಬರು ಪ್ರಬಂಧ ಓದಿದರು. ಎಲ್ಲರದ್ದೂ ಒಂದೇ ಥರ ಶುರು. ಕರ್ನಾಟಕದ ಭವ್ಯ ಪರಂಪರೆ, ಶಾಸನ ಎಂದರೇನು, ವೀರಗಲ್ಲು ಎಂದರೇನು, ಯಾವ ವಿದ್ವಾಂಸರು ಏನು ಹೇಳಿದ್ದಾರೆ. ಅಧ್ಯಕ್ಷರು ಚೀಟಿ ಕಳಿಸುವ ಹೊತ್ತಿಗೆ ಪೀಠಿಕೆಯೇ ಮುಗಿದಿರಲಿಲ್ಲ.

ಊಟದ ಸಾಲಿನಲ್ಲಿ ಒಬ್ಬ ಹುಡುಗಿ ಹತ್ತಿರ ಬಂದು, "ಮೇಡಂ, ಲೇಖನ ಹೇಗೆ ಶುರು ಮಾಡೋದು ಅಂತಲೇ ಗೊತ್ತಾಗ್ತಿಲ್ಲ. ಗೈಡ್ ಶೀರ್ಷಿಕೆ ಕೊಟ್ಟಿದ್ದಾರೆ, ಪೀಠಿಕೆ ಬರ್ಕೊಂಡು ಬಾ ಅಂದಿದ್ದಾರೆ" ಅಂದಳು. "ನಿನಗೆ ಏನು ತಿಳ್ಕೋಬೇಕು ಅನ್ನಿಸಿದೆಯಮ್ಮ?" ಅಂತ ಕೇಳಿದೆ. ಸುಮ್ಮನೆ ನಿಂತಳು. ಆ ಪ್ರಶ್ನೆಯನ್ನು ಅವಳಿಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನನಗೆ ಸಿಟ್ಟು ಬಂದದ್ದು ಅವಳ ಮೇಲಲ್ಲ.

ಏನನ್ನು ಹುಡುಕುತ್ತಿದ್ದೇವೆ ಅಂತಲೇ ಗೊತ್ತಿಲ್ಲದವರ ಕೈಯಲ್ಲಿ ಪೀಠಿಕೆ ಬರೆಸಿದರೆ ಅವರು ಇನ್ನೇನು ಮಾಡಬೇಕು ಹೇಳಿ? ಪಿಎಚ್.ಡಿ. ಪ್ರಬಂಧಗಳನ್ನು ಇಟ್ಟಿರುವ ಶೋಧಗಂಗಾ ಜಾಲತಾಣ ತೆರೆಯುತ್ತಾರೆ, ನಾಲ್ಕು ಹಳೆಯ ಪ್ರಬಂಧಗಳ ಮೊದಲ ಅಧ್ಯಾಯ ನೋಡುತ್ತಾರೆ, ಅಲ್ಲಿಂದ ಒಂದಿಷ್ಟು ಇಲ್ಲಿಂದ ಒಂದಿಷ್ಟು ಸೇರಿಸುತ್ತಾರೆ. ಆಮೇಲೆ ನಾವೇ ಅವರನ್ನು ಕೃತಿಚೌರ್ಯ ಅಂತ ಬೈಯುತ್ತೇವೆ. ಅನ್ಯಾಯ ಅಲ್ವಾ ಇದು?

ಆ ಹುಡುಗಿಯನ್ನು ಕೂರಿಸಿಕೊಂಡು ಆತಕೂರು ಶಾಸನದ ಕಥೆ ಹೇಳಿದೆ. ಮದ್ದೂರು ತಾಲ್ಲೂಕಿನ ಊರು. ಕ್ರಿ.ಶ. 949-50ರ ಸುಮಾರಿನ ಕಲ್ಲು, ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಯುದ್ಧ ಆಯಿತು. ಕೃಷ್ಣನ ಕಡೆ ಗಂಗರ ಬೂತುಗ ಇದ್ದ, ಬೂತುಗನ ಜೊತೆ ಮಣಲೇರ ಅನ್ನುವ ವೀರನಿದ್ದ. ಗೆದ್ದ ಮೇಲೆ ಏನು ಬೇಕು ಕೇಳು ಅಂದಾಗ ಮಣಲೇರ ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು. ಆ ನಾಯಿ ಮುಂದೆ ಒಂದು ದೊಡ್ಡ ಹಂದಿಯ ಜೊತೆ ಸೆಣಸಿ, ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿದರು, ಕೆರೆಯ ಕೆಳಗೆ ಭೂಮಿ ಬಿಟ್ಟರು. ಅಲ್ಲಿನ ಗೊರವ, ಅಂದರೆ ಶೈವ ಪೂಜಾರಿ, ಈ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ಅಂತಲೂ ಬರೆಸಿದರು.

ಇದನ್ನು ಕೇಳಿದ್ದೇ ಹುಡುಗಿ, "ಮೇಡಂ, ಗೊರವ ಪೂಜೆ ಬಿಟ್ಟುಬಿಡ್ತಾನೆ ಅನ್ನೋ ಅನುಮಾನ ಇವರಿಗೆ ಯಾಕೆ ಬಂತು?" ಅಂದಳು.

ಅಷ್ಟೇ. ಲೇಖನ ಶುರುವಾಗಿದ್ದೇ ಅಲ್ಲಿ! ನಾಯಿಯ ಕಲ್ಲು ಅಂತ ಅನುಮಾನವೋ, ಬೇರೆ ವೀರಗಲ್ಲುಗಳಲ್ಲೂ ಹೀಗೆ ಪೂಜೆಯ ಹೊಣೆಯನ್ನು ಒಬ್ಬರ ತಲೆಗೆ ಕಟ್ಟಿದ್ದಾರೋ? ಭೂಮಿ ಬಿಟ್ಟ ಕಡೆ ಮಾತ್ರ ಹೀಗೋ? ಇನ್ನು ಅವಳು ಶಾಸನಗಳ ಪಾಠ ಅಚ್ಚಾಗಿರುವ ಎಪಿಗ್ರಾಫಿಯಾ ಕರ್ನಾಟಿಕಾದ ಮಂಡ್ಯ ಭಾಗದ ಸಂಪುಟ ತೆಗೆದು, ಅದೇ ಕಾಲದ ವೀರಗಲ್ಲುಗಳನ್ನು ಒಂದೊಂದಾಗಿ ಓದಬೇಕು. ಒಂದೊಂದಕ್ಕೂ ಒಂದು ಚೀಟಿ: ಊರು, ಕಾಲ, ಸತ್ತವರು ಯಾರು, ಏನು ಕೊಟ್ಟರು, ಯಾರಿಗೆ ಕೊಟ್ಟರು, ಯಾರು ನೋಡಿಕೊಳ್ಳಬೇಕು. ಆಮೇಲೆ ಹಿಂದಿನವರು ಈ ಬಗ್ಗೆ ಏನು ಹೇಳಿದ್ದಾರೆ ಅಂತ ಓದಬೇಕು. ಆಗ ಆ ಓದಿಗೆ ಒಂದು ಹಸಿವು ಇರುತ್ತದೆ. ಮೊದಲು ಬರೆಯಬೇಕಾದದ್ದು ಚೀಟಿಗಳಲ್ಲಿ ಕಂಡದ್ದನ್ನು. ಪೀಠಿಕೆ ಎಲ್ಲಕ್ಕಿಂತ ಕೊನೆಗೆ. ಶೀರ್ಷಿಕೆಯೂ ಆಗಲೇ.

ಇದಕ್ಕೆ ನಮ್ಮವರು ಒಂದು ಮಾತು ಹೇಳುತ್ತಾರೆ. "ಮಕ್ಕಳಿಗೆ ಅಷ್ಟೆಲ್ಲ ಟೈಮ್ ಎಲ್ಲಿದೆ, ಬೇಗ ಒಂದು ಪೇಪರ್ ಆಗಬೇಕು." ಯಾಕೆ ಆಗಬೇಕು? ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟವಾಗಿರಲೇಬೇಕು ಅನ್ನುವ ಷರತ್ತನ್ನು ಯುಜಿಸಿಯೇ 2022ರ ನಿಯಮದಲ್ಲಿ ಕೈಬಿಟ್ಟಿದೆ. ಅಧ್ಯಾಪಕರ ಕೆಲಸಕ್ಕೆ ಲೇಖನದ ಅಂಕ ಬೇಕು, ಒಪ್ಪಿದೆ. ಆದರೆ ಟೈಮ್ ಹಾಳಾಗುತ್ತಿರುವುದು ಎಲ್ಲಿ? ತಿಂಗಳುಗಟ್ಟಲೆ ಪೀಠಿಕೆಯನ್ನೇ ತಿದ್ದುತ್ತಾ ಕೂರುವುದರಲ್ಲಿ. ದುಡ್ಡು ಕಟ್ಟಿಸಿಕೊಂಡು ಏನು ಕೊಟ್ಟರೂ ಅಚ್ಚು ಹಾಕುವ ಪತ್ರಿಕೆಗಳಿಗೆ, ಫೆಲೋಶಿಪ್ಪೂ ಇಲ್ಲದ ಮಕ್ಕಳು ಸಾಲ ಮಾಡಿ ಕಳಿಸುತ್ತಾರಲ್ಲ, ಅದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ.

ಒಂದು ಮಾತು ಹೇಳಲೇಬೇಕು. ನಮ್ಮ ಮನೆಯಲ್ಲಿ ಸಂಶೋಧನೆ ಅಂದರೆ ಏನು ಅಂತ ಗೊತ್ತಿದ್ದವರು ಯಾರೂ ಇರಲಿಲ್ಲ. ಖಾಲಿ ಹಾಳೆ ಮುಂದೆ ಕೂತಾಗ, ಇದು ನಮ್ಮಂಥವರ ಕೆಲಸ ಅಲ್ಲವೇನೋ ಅಂತ ಎದೆ ಕುಸಿಯುತ್ತದಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಹಳ್ಳಿಯಿಂದ ಬಂದ, ಮನೆಯಲ್ಲಿ ಮೊದಲ ಸಲ ಇಷ್ಟು ಓದುತ್ತಿರುವ ಮಕ್ಕಳಿಗೆ ಇದು ಇನ್ನೂ ಜಾಸ್ತಿ. ಆದರೆ ಕೆರೆ, ಗದ್ದೆ, ಗುಡಿ, ಪೂಜೆಯ ಸರದಿ, ಮಾನ್ಯದ ಜಗಳ, ಇವೆಲ್ಲ ಆ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಶಾಸನ ಮುಂದಿಟ್ಟರೆ ಪ್ರಶ್ನೆ ತಾನಾಗಿ ಬರುತ್ತದೆ. ನಾವು ಶೀರ್ಷಿಕೆ ಮುಂದಿಡುತ್ತೇವೆ.

ಪಿಎಚ್.ಡಿ.ಯ ಶುರುವಿನ ತರಗತಿಗಳಾದ ಕೋರ್ಸ್ ವರ್ಕ್‌ನಲ್ಲಿ ಪಾಠ ಮಾಡುವ ಗೆಳೆಯರೇ, ದಯವಿಟ್ಟು ಈ ವರ್ಷ ಮೊದಲ ತರಗತಿಯಲ್ಲಿ ಸಂಶೋಧನೆಯ ವ್ಯಾಖ್ಯಾನ ಬರೆಸಬೇಡಿ. ಒಂದು ಶಾಸನದ ಪಾಠವನ್ನು ಜೆರಾಕ್ಸ್ ಮಾಡಿಸಿ ಎಲ್ಲರ ಕೈಗೂ ಕೊಡಿ. ಜೋರಾಗಿ ಓದಿಸಿ. ಏನು ಅರ್ಥವಾಗಲಿಲ್ಲ ಅಂತ ಬರೆಸಿಕೊಳ್ಳಿ. ಮಕ್ಕಳು ಏನು ಕೇಳಿದರು ಅಂತ ನನಗೂ ತಿಳಿಸಿ. ಆತಕೂರಿನ ಪಾಠ ಬೇಕಾದವರು ಮೆಸೇಜ್ ಮಾಡಿ, ಕಳಿಸುತ್ತೇನೆ.