ಬಂದ ಉದ್ದೇಶ: ಸುಮ್ನೆ

ಮೊನ್ನೆ ಸಂಜೆ ಏಳರ ಹೊತ್ತಿಗೆ ನನ್ನ ಹೆಂಡತಿ, “ರೀ, ಸುಮ್ನೆ ಹೊರಗೆಲ್ಲಾದ್ರೂ ಊಟ ಮಾಡ್ಕೊಂಡು ಬರೋಣ್ವಾ?” ಅಂದಳು. ನಾನು ಚಪ್ಪಲಿ ಮೆಟ್ಟಿಕೊಂಡೆ. ಅವಳು ಬೀಗ ಹಾಕಿದಳು. ಎಲ್ಲಿಗೆ ಅಂತ ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ದೊಡ್ಡ ಊರಲ್ಲಿ ಇರೋದೇ ಇದಕ್ಕಲ್ವಾ? ಕಾಲು ಎಳೆದ ಕಡೆ ಹೋಗೋದು, ಕಂಡ ಕಡೆ ತಿನ್ನೋದು.

ಎರಡು ಬೀದಿ ದಾಟಿದರೆ ಒಂದು ಹೊಸ ಹೋಟೆಲು. ಬಾಗಿಲಲ್ಲಿ ಟ್ಯಾಬ್ ಹಿಡಿದ ಹುಡುಗಿಯೊಬ್ಬಳು ನಿಂತಿದ್ದಳು.

“ಬುಕಿಂಗ್ ಇದೆಯಾ ಸರ್?”

“ಇಲ್ಲಮ್ಮ. ಹಾಗೇ ನಡ್ಕೊಂಡು ಬಂದ್ವಿ.”

“ಓ... ವಾಕ್ ಇನ್ನಾ?” ಅಂದಳು. ರಿಪೋರ್ಟ್ ನೋಡಿದ ಡಾಕ್ಟರು “ಜೊತೆಗೆ ಯಾರಾದ್ರೂ ಬಂದಿದ್ದಾರಾ?” ಅಂತ ಕೇಳುತ್ತಾರಲ್ಲ, ಆ ದನಿ.

ಅವಳ ಹೆಗಲ ಹಿಂದೆ ಹದಿನಾಲ್ಕು ಟೇಬಲ್ ಖಾಲಿ ಇದ್ದವು. ಕಾಯುವಾಗ ಬೇರೆ ಕೆಲಸ ಇರಲಿಲ್ಲ, ಎರಡು ಸಲ ಎಣಿಸಿದೆ. ಟ್ಯಾಬಿಗೆ ಮಾತ್ರ ಒಂದೂ ಕಾಣುತ್ತಿರಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಿದ್ದರು. ಈಗ ಪೂಜಾರಿ ಕೊಡೋಕೆ ರೆಡಿ ಇದ್ದರೂ ಟ್ಯಾಬು ಕೊಡುವುದಿಲ್ಲ. ಹುಡುಗಿ ಅದನ್ನು ತಟ್ಟಿದಳು, ಒರೆಸಿದಳು, ಒಮ್ಮೆ ಆಫ್ ಮಾಡಿ ಆನ್ ಮಾಡಿದಳು. ಇಪ್ಪತ್ತು ನಿಮಿಷ ಆದ ಮೇಲೆ ಅದರ ಮನಸ್ಸು ಕರಗಿತು.

“ಅಕೇಶನ್ ಏನು ಸರ್?”

“ಹಸಿವು.”

ಅವಳು ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. ಹುಟ್ಟುಹಬ್ಬ, ಮದುವೆ ವಾರ್ಷಿಕೋತ್ಸವ, ಬಿಸಿನೆಸ್ ಮೀಟಿಂಗ್, ಡೇಟ್. ಹಸಿವು ಇರಲಿಲ್ಲ. ಸುಮ್ನೆ ಅನ್ನೋದಂತೂ ಇರಲೇ ಇಲ್ಲ. ಯಾವುದಾದರೂ ಒಂದನ್ನು ಒತ್ತದೆ ಮುಂದಿನ ಪುಟ ತೆರೆಯುವುದಿಲ್ಲವಂತೆ. “ಅನಿವರ್ಸರಿ ಅಂತ ಹಾಕ್ಲಾ ಸರ್? ಬೇಗ ಟೇಬಲ್ ಸಿಗುತ್ತೆ,” ಅಂದಳು, ಪಾಪ, ನಮ್ಮ ಮುಖ ನೋಡಿ. ಹಾಕು ತಾಯಿ ಅಂದೆ.

ಟೇಬಲ್ ಮೇಲೆ ತಟ್ಟೆ ಇಲ್ಲ, ಲೋಟ ಇಲ್ಲ, ಮೆನು ಕಾರ್ಡ್ ಇಲ್ಲ. ಒಂದು ಕ್ಯೂಆರ್ ಕೋಡ್ ಅಂಟಿಸಿದ್ದರು. ಈ ಕೋಡ್ ಹುಟ್ಟಿದ್ದು 1994ರಲ್ಲಿ, ಜಪಾನಿನ ಡೆನ್ಸೊ ಕಂಪನಿಯಲ್ಲಿ. ಕಾರು ಕಾರ್ಖಾನೆಯಲ್ಲಿ ಬಿಡಿಭಾಗಗಳ ಜಾಡು ಹಿಡಿಯೋಕೆ ಅಂತ ಮಾಡಿದ್ದು. ಯಾವ ಪೆಟ್ಟಿಗೆ ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು, ಅದರಲ್ಲಿ ಏನಿದೆ. ಈಗ ಅದೇ ವಿಚಾರಣೆ ನನಗೆ. ಸ್ಕ್ಯಾನ್ ಮಾಡಿದೆ, ಮೊಬೈಲ್ ನಂಬರ್ ಕೇಳಿತು. ಕೊಟ್ಟೆ, ಓಟಿಪಿ ಕಳಿಸಿತು. ಓಟಿಪಿ ಹಾಕಿದೆ, ಹುಟ್ಟಿದ ದಿನ ಕೇಳಿತು. ಎಣ್ಣೆ ಯಾವಾಗ ಬದಲಾಯಿಸಿದ್ದು ಅಂತ ಕೇಳಲಿಲ್ಲ, ಅಷ್ಟು ಪುಣ್ಯ.

ಕೊನೆಗೂ ಮೆನು ತೆರೆಯಿತು. ಎರಡು ಬೆರಳಲ್ಲಿ ಹಿಗ್ಗಿಸಿದರೆ ತಿಂಡಿಯ ಹೆಸರು ಕಾಣುತ್ತದೆ, ಬೆಲೆ ಪರದೆಯಿಂದ ಆಚೆ ಹೋಗುತ್ತದೆ. ಕುಗ್ಗಿಸಿದರೆ ಎರಡೂ ಇರುವೆಯಾಗುತ್ತವೆ. ಈ ಆಟದಲ್ಲಿ ಬೆರಳು ಜಾರಿ ಸೂಪ್ ಮೂರು ಸಲ ಆರ್ಡರ್ ಆಯಿತು. ಒಂದನ್ನು ತೆಗೆಸೋಣ ಅಂತ ಆ ಕಡೆ ಬಂದ ಹುಡುಗನನ್ನು ಕರೆದೆ. ಅವನು ನನಗಿಂತ ಹೆಚ್ಚು ಗಾಬರಿಯಾದ. “ಅದು ಆ್ಯಪಲ್ಲೇ ಮಾಡ್ಬೇಕು ಸರ್,” ಅಂದ. ಆರ್ಡರ್ ಬರೆದುಕೊಂಡಿದ್ದು ನಾನು, ಅಡುಗೆಮನೆಗೆ ಕಳಿಸಿದ್ದು ನಾನು, ಬಿಲ್ ಮಾಡಿದ್ದೂ ನಾನು. ಸರ್ವಿಸ್ ಚಾರ್ಜ್ ಮಾತ್ರ ಅವರಿಗೆ. ಅದರ ಕೆಳಗೆ ಟಿಪ್ಸ್ ಎಷ್ಟು ಕೊಡುತ್ತೀರಿ ಅಂತ ಮೂರು ದಪ್ಪ ಬಟನ್. ಕೊಡಲ್ಲ ಅನ್ನೋದಕ್ಕೂ ಒಂದು ಬಟನ್ ಇತ್ತು, ಬಿಳಿ ಗೋಡೆಗೆ ಅಂಟಿದ ಬಿಳಿ ಹಲ್ಲಿಯ ಹಾಗೆ.

ಪಕ್ಕದ ಟೇಬಲ್ಲಿನಲ್ಲಿ ನಾಲ್ವರು ಗೆಳೆಯರು. ಊಟ ಬಂದಿತ್ತು, ಆದರೆ ಯಾರೂ ಕೂತಿರಲಿಲ್ಲ. ಒಬ್ಬ ಕುರ್ಚಿ ಹತ್ತಿ ಮೇಲಿಂದ ಫೋಟೋ ತೆಗೆಯುತ್ತಿದ್ದ. ಇನ್ನೊಬ್ಬಳು ಮೊಬೈಲ್ ಟಾರ್ಚ್ ಹಿಡಿದಿದ್ದಳು. ಮೂರನೆಯವನು ಚಮಚವನ್ನು ಎರಡು ಬೆರಳು ಎಡಕ್ಕೆ ಸರಿಸಿ, ದೂರ ನಿಂತು ನೋಡಿ, ಮತ್ತೆ ಬಲಕ್ಕೆ ಸರಿಸಿದ. ನಾಲ್ಕನೆಯವನಿಗೆ ನಿಜಕ್ಕೂ ಹಸಿದಿತ್ತು. ಮೆಲ್ಲಗೆ ಕೈ ಚಾಚಿದ. “ಏಯ್ ತಡಿಯೋ! ಹೊಗೆ ಹೋಗ್ಬಿಡ್ತು. ಇನ್ನೊಂದ್ಸಲ ಬಿಸಿ ಮಾಡ್ಸೋಣ,” ಅಂದಳು ಟಾರ್ಚಿನವಳು. ತಟ್ಟೆ ಹೊಗೆ ತರಲು ಒಳಗೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಸ್ಕೂಲಲ್ಲಿ ಗಾದೆ ವಿಸ್ತರಿಸಿ ಬರೆದು ಐದಕ್ಕೆ ಎರಡು ಅಂಕ ತಗೊಂಡಿದ್ದೆ. ಅವತ್ತು ಆ ನಾಲ್ಕನೆಯವನ ಮುಖ ನೋಡಿದ್ದರೆ ಐದಕ್ಕೆ ಐದು ಬರುತ್ತಿತ್ತು.

ನಮ್ಮ ಮೊದಲ ಸೂಪ್ ಬರುವ ಮೊದಲೇ ಮೆಸೇಜು ಬಂತು: ‘ಇಂದಿನ ಅನುಭವ ಹೇಗಿತ್ತು? ಸ್ಟಾರ್ ಕೊಡಿ.’ ಆಮೇಲೆ ಇದ್ದಕ್ಕಿದ್ದಂತೆ ದೀಪ ಆರಿತು. ಕರೆಂಟ್ ಹೋಯಿತೇನೋ ಅಂತ ನಾನು ಟಾರ್ಚ್ ಹುಡುಕುತ್ತಿದ್ದರೆ, ಒಂದು ಪುಟ್ಟ ಕೇಕು, ಅದರ ಮೇಲೊಂದು ಮೇಣದಬತ್ತಿ, ಹಿಂದೆ ಚಪ್ಪಾಳೆ ತಟ್ಟುತ್ತಾ ನಾಲ್ಕು ವೇಟರುಗಳು. ಇಡೀ ಹೋಟೆಲು ನಮ್ಮ ಕಡೆ ತಿರುಗಿತು.

“ಎಷ್ಟನೇದು ಸರ್?”

ನಾನು ಹದಿನೇಳು ಅಂದೆ. ಅದೇ ಕ್ಷಣಕ್ಕೆ ಅವಳು ಹತ್ತೊಂಬತ್ತು ಅಂದಳು. ವೇಟರುಗಳು ಚಪ್ಪಾಳೆ ನಿಲ್ಲಿಸಿದರು.

ಊಟದ ಕಥೆ ಇಷ್ಟು. ಓಟದ್ದು ಇದಕ್ಕಿಂತ ಉದ್ದ.

ಮೊದಲೆಲ್ಲ ಜನ ಓಡುತ್ತಿದ್ದದ್ದು ಬಸ್ ತಪ್ಪಿದಾಗ, ಇಲ್ಲಾ ನಾಯಿ ಅಟ್ಟಿಸಿಕೊಂಡು ಬಂದಾಗ. ಖುಷಿಗೆ ಓಡುವವರೂ ಇದ್ದರು, ಅವರು ಎಂಟು ವರ್ಷದೊಳಗಿನವರು. ಈಗ ನನ್ನ ಭಾಮೈದ ಓಡುತ್ತಾನೆ. ಬೆಳಗಿನ ಐದಕ್ಕೆ ಶೂ ಬಿಗಿದು, ಗೇಟಿನ ಹೊರಗೆ ಎಡಗೈ ಆಕಾಶಕ್ಕೆತ್ತಿ, ಕಣ್ಣು ಮೇಲೆ ನೆಟ್ಟು ಐದು ನಿಮಿಷ ನಿಲ್ಲುತ್ತಾನೆ. ಎದುರು ಮನೆ ಅಜ್ಜಿ, “ಎಂಥಾ ಭಕ್ತಿ ನೋಡಿ ಈ ಹುಡುಗನಿಗೆ,” ಅಂತಾರೆ. ಅವನು ಕಾಯುತ್ತಿರೋದು ಜಿಪಿಎಸ್ ಸಿಗ್ನಲ್‌ಗೆ. ಅದು ಸಿಗದೆ ಒಂದು ಹೆಜ್ಜೆ ಕೀಳುವುದಿಲ್ಲ. ಲೆಕ್ಕಕ್ಕೆ ಸಿಗದ ಹೆಜ್ಜೆ ಇಟ್ಟು ಏನು ಪ್ರಯೋಜನ?

ಸಿಗ್ನಲ್ ಸಿಕ್ಕರೂ ಸುಖವಿಲ್ಲ. ಎತ್ತರದ ಕಟ್ಟಡಗಳ ಮಧ್ಯೆ ಅದು ಗೋಡೆಗೆ ಬಡಿದು ಪುಟಿದು ಬರುತ್ತದೆ, ಗಡಿಯಾರಕ್ಕೆ ದಿಕ್ಕು ತಪ್ಪುತ್ತದೆ. ಅವನ ಮ್ಯಾಪ್ ಪ್ರಕಾರ ನನ್ನ ಭಾಮೈದ ದಿನಾ ಬೆಳಗ್ಗೆ ಒಂದು ಬ್ಯಾಂಕಿನ ಲಾಕರ್ ರೂಮಿಗೆ ನುಗ್ಗಿ, ಹಿಂದಿನ ಗೋಡೆಯಿಂದ ಹೊರಬಿದ್ದು, ಕೆರೆ ಮೇಲೆ ನಡೆದು ಮನೆಗೆ ಬರುತ್ತಾನೆ. ಮನೆ ಮುಂದೆ ಬಂದಾಗ ಗಡಿಯಾರ 9.93 ಅಂತ ತೋರಿಸುತ್ತದೆ. ಉಳಿದ 70 ಮೀಟರ್‌ಗೆ ಅವನು ನಿಲ್ಲಿಸಿದ ಕಾರಿನ ಸುತ್ತ ಬುಗುರಿಯ ಹಾಗೆ ಸುತ್ತುತ್ತಾನೆ. ಅಜ್ಜಿ ಪ್ರದಕ್ಷಿಣೆ ಅಂದುಕೊಂಡಿದ್ದಾರೆ.

“ಅಲ್ಲ ಕಣೋ, 9.93 ಆದ್ರೆ ಏನಾಗುತ್ತೆ?” ಅಂತ ಒಮ್ಮೆ ಕೇಳಿದೆ.

“ಭಾವ, ನೀವು ಇಂಥದ್ದೆಲ್ಲ ಹೊರಗಡೆ ಕೇಳ್ಬೇಡಿ,” ಅಂದ.

ಅವನು ಪೂಜಿಸುವ ಅಂಕಿಗಳ ಜಾತಕ ಸ್ವಲ್ಪ ನೋಡಿದ್ದೇನೆ. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಅಂತ ಓಡಿದ್ದು ಸುಮಾರು 40 ಕಿ.ಮೀ. 1908ರಲ್ಲಿ ಲಂಡನ್ನಿನವರು ವಿಂಡ್ಸರ್ ಅರಮನೆಯ ಹತ್ತಿರ ಶುರು ಮಾಡಿ, ಸ್ಟೇಡಿಯಮ್ಮಿನಲ್ಲಿ ರಾಜಮನೆತನದವರು ಕೂತ ಜಾಗದ ಮುಂದೆ ಮುಗಿಸಿದರು. ಅದು 42.195 ಕಿ.ಮೀ. ಆಯಿತು. 1921ರಲ್ಲಿ ಅದೇ ಅಧಿಕೃತ ಅಳತೆ ಅಂತ ಗಟ್ಟಿ ಮಾಡಿಬಿಟ್ಟರು. ಅವತ್ತು ಕುರ್ಚಿಯನ್ನು ಸ್ವಲ್ಪ ಈ ಕಡೆ ಹಾಕಿದ್ದರೆ ಎಷ್ಟು ಜನರ ಮೊಣಕಾಲು ಉಳಿಯುತ್ತಿತ್ತೋ.

ಇನ್ನು ದಿನಕ್ಕೆ ಹತ್ತು ಸಾವಿರ ಹೆಜ್ಜೆ. ಇದು ಡಾಕ್ಟರುಗಳು ಕೂತು ಲೆಕ್ಕ ಹಾಕಿದ್ದು ಅಂತ ನಾನೂ ನಂಬಿದ್ದೆ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರುಕಟ್ಟೆಗೆ ಬಂತು. ಹೆಸರು ‘ಮಾನ್ಪೊಕೆಯ್’, ಹತ್ತು ಸಾವಿರ ಹೆಜ್ಜೆಯ ಮೀಟರ್ ಅಂತ ಅರ್ಥ. ಮಾರಾಟಕ್ಕೆ ಇಟ್ಟ ಹೆಸರು. ಆ ಹೆಸರಿಗೋಸ್ಕರ ನಮ್ಮ ಮೇಲಿನ ಮನೆಯವರು ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಹಾಲ್‌ನಲ್ಲಿ ದಡದಡ ನಡೆಯುತ್ತಾರೆ. ಹನ್ನೆರಡು ಹೊಡೆದರೆ ಲೆಕ್ಕ ಸೊನ್ನೆಗೆ ಬೀಳುತ್ತದಲ್ಲ. ನನಗೆ ನಿದ್ದೆ ಬರೋದು ಅವರ ಹತ್ತು ಸಾವಿರ ಮುಗಿದ ಮೇಲೆ.

ಮಳೆ ಬಂದರೆ ಭಾಮೈದ ಜಿಮ್‌ಗೆ ಹೋಗುತ್ತಾನೆ. ಇದಂತೂ ನೋಡಲೇಬೇಕಾದದ್ದು. ಎರಡು ಕಿ.ಮೀ. ದೂರಕ್ಕೆ ಕಾರು ತೆಗೆಯುತ್ತಾನೆ. ಬಾಗಿಲಿಗೆ ಹತ್ತಿರದಲ್ಲೇ ಪಾರ್ಕಿಂಗ್ ಬೇಕು ಅಂತ ಮೂರು ಸುತ್ತು ಹಾಕುತ್ತಾನೆ. ಮೂರನೇ ಮಹಡಿಗೆ ಲಿಫ್ಟಿನಲ್ಲಿ ಹೋಗುತ್ತಾನೆ. ಅಲ್ಲಿ, ಸುತ್ತುತ್ತಲೇ ಇರುವ ಮೆಟ್ಟಿಲಿನ ಯಂತ್ರವನ್ನು ಅರ್ಧ ಗಂಟೆ ಹತ್ತುತ್ತಾನೆ. ಕಟ್ಟಡದ ಅಸಲಿ ಮೆಟ್ಟಿಲು ಕಸದ ಡಬ್ಬಿ ಇಡಲು ಬಳಕೆಯಾಗುತ್ತಿದೆ. ಇಂಥ ಮೆಟ್ಟಿಲಿನ ಚಕ್ರವನ್ನು 1818ರ ಸುಮಾರಿಗೆ ಇಂಗ್ಲೆಂಡಿನ ಜೈಲುಗಳಿಗೆ ತಂದವನು ವಿಲಿಯಂ ಕ್ಯೂಬಿಟ್ ಅನ್ನೋ ಎಂಜಿನಿಯರ್. ಸುಮ್ನೆ ಕೂತ ಕೈದಿಗಳಿಗೆ ಕೆಲಸ ಕೊಡಬೇಕಿತ್ತು. ಗಂಟೆಗಟ್ಟಲೆ ಹತ್ತಿಸಿದರು, ಎಲ್ಲಿಗೂ ತಲುಪದ ಮೆಟ್ಟಿಲು. ಶತಮಾನ ಮುಗಿಯುವ ಹೊತ್ತಿಗೆ ಇದು ತೀರಾ ಕ್ರೂರ ಅಂತ ಅವರೇ ಕೈಬಿಟ್ಟರು. ಈಗ ಅದಕ್ಕೆ ವರ್ಷದ ಮೆಂಬರ್‌ಶಿಪ್ ಇದೆ. ಕೈದಿಗಳ ಪುಣ್ಯ, ಅವರ ಎದುರಿಗೆ ಕನ್ನಡಿ ಇರಲಿಲ್ಲ.

ಒಂದು ದಿನ ಅವನ ಗಡಿಯಾರ ‘ಜೀವಮಾನದ ಶ್ರೇಷ್ಠ ಓಟ’ ಅಂತ ಪದಕ ಕೊಟ್ಟಿತು. ಆಫ್ ಮಾಡೋದು ಮರೆತು ಬೈಕಿನಲ್ಲಿ ಆಫೀಸಿಗೆ ಹೋಗಿದ್ದ. ಅಳಿಸೋ ಅಂದರೆ ಮುಖ ಸಣ್ಣದು ಮಾಡಿದ, ಆಗಲೇ ಅರವತ್ತು ಜನ ಲೈಕ್ ಒತ್ತಿದ್ದರಂತೆ. ಹೊಸದೇನಲ್ಲ ಬಿಡಿ. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್‌ನಲ್ಲಿ ಫ್ರೆಡ್ ಲೋರ್ಜ್ ಅನ್ನೋ ಓಟಗಾರ ಸುಸ್ತಾಗಿ ಕಾರು ಹತ್ತಿದ. ಸುಮಾರು 18 ಕಿ.ಮೀ. ಆದ ಮೇಲೆ ಕಾರು ಕೆಟ್ಟಿತು. ಇಳಿದು ಓಡುತ್ತಾ ಸ್ಟೇಡಿಯಂ ಹೊಕ್ಕರೆ, ಗೆದ್ದವನು ಇವನೇ ಅಂತ ಜನ ಕೂಗಾಡಿದರು. ತಮಾಷೆಗೆ ಮಾಡಿದೆ ಅಂದ, ಯಾರೂ ಕೇಳಲಿಲ್ಲ. ಅವನನ್ನು ಹಿಡಿಯೋಕೆ ಕಣ್ಣಲ್ಲಿ ನೋಡಿದವರು ಇದ್ದರು. ನನ್ನ ಭಾಮೈದನಿಗೆ ಆ ಭಯವೂ ಇಲ್ಲ.

ಇಂಥವನು ಒಂದು ಭಾನುವಾರ, “ಭಾವ, ಪ್ಲಾನೇ ಇಲ್ದೆ ಎಲ್ಲಾದ್ರೂ ಹೋಗ್ಬಿಡೋಣ,” ಅಂದ. ಹೋಗೋಣ ನಡಿ ಅಂತ ನಾನು ಎದ್ದು ನಿಂತೆ. “ಈಗಲ್ಲ ಭಾವ, ಒಂದು ಗ್ರೂಪ್ ಮಾಡ್ತೀನಿ,” ಅಂದ.

ಗ್ರೂಪಿನ ಹೆಸರು ‘ಪ್ಲಾನ್ ಇಲ್ಲದವರು’. ಹನ್ನೊಂದು ಜನ, ಅದರಲ್ಲಿ ಮೂರು ಅಡ್ಮಿನ್. ಮೊದಲನೇ ದಿನ ಬೆಟ್ಟವೋ ನೀರೋ ಅಂತ ಮತದಾನ. ಐದು ಬೆಟ್ಟಕ್ಕೆ, ಐದು ನೀರಿಗೆ, ಒಬ್ಬರು ಹೆಬ್ಬೆರಳು ಕಳಿಸಿದರು. ಆಮೇಲೆ ಒಂದು ಎಕ್ಸೆಲ್ ಶೀಟು: ಯಾರ ಕಾರು, ಯಾರ ತಿಂಡಿ, ಯಾರಿಗೆ ಕಿಟಕಿ ಸೀಟು. ಅದರಲ್ಲಿ ‘ಅನಿರೀಕ್ಷಿತ ನಿಲುಗಡೆ: 10.40ರಿಂದ 10.55’ ಅಂತ ಒಂದು ಸಾಲು ಇತ್ತು, ದೇವರಾಣೆ. ಹೊರಡೋದು ನಾಲ್ಕನೇ ಭಾನುವಾರ ಅಂತ ನಿಗದಿಯಾಯಿತು. ಮೂರನೇ ಶನಿವಾರ ಇಬ್ಬರು ‘ಲೆಫ್ಟ್’ ಆದರು. ನಾಲ್ಕನೇ ಭಾನುವಾರ ಬೆಳಗ್ಗೆ ಭಾಮೈದನೇ ಮೆಸೇಜ್ ಹಾಕಿದ, ಇವತ್ತು ತನ್ನ ಗಡಿಯಾರ ವಿಶ್ರಾಂತಿ ತಗೋ ಅಂತ ಹೇಳಿದೆಯಂತೆ.

ಸರಿ, ನಾನೂ ಹೆಂಡತಿಯೂ ಇಬ್ಬರೇ ಹೊರಟೆವು. ಈ ಸಲ ಹೋಟೆಲಿಗೆ ಅಲ್ಲ, ಓಡೋಕೂ ಅಲ್ಲ. ಒಂದಷ್ಟು ದೂರ ನಡೆದು ಕೂತುಬಿಡೋಣ ಅಂತ. ಕೂರೋದು ಎಲ್ಲಿ ಅನ್ನೋದೇ ಕಷ್ಟ. ಕಾಫಿ ಅಂಗಡಿ ಎದುರಿನ ಬೆಂಚು ಗಿರಾಕಿಗಳಿಗೆ ಮಾತ್ರ. ಪಾರ್ಕಿನಲ್ಲಿ ಹುಲ್ಲಿನ ಮೇಲೆ ಕೂರಬಾರದು ಅಂತ ಬೋರ್ಡು, ಆ ಬೋರ್ಡು ಹುಲ್ಲಿನ ಮೇಲೇ ನಿಂತಿತ್ತು. ಬಸ್ ನಿಲ್ದಾಣದ ಬೆಂಚಿಗೆ ಮಧ್ಯೆ ಮಧ್ಯೆ ಕಬ್ಬಿಣದ ಕೋಲು, ಯಾರೂ ಮಲಗಬಾರದಂತೆ. ಲಂಡನ್ನಿನ ಕ್ಯಾಮ್ಡೆನ್‌ನಲ್ಲಿ 2012ರಲ್ಲಿ ಕಾಂಕ್ರೀಟಿನ ಒಂದು ಬೆಂಚು ಹಾಕಿದರು. ಮೈಯೆಲ್ಲ ಇಳಿಜಾರು. ಮಲಗೋಕಾಗಲ್ಲ, ಸ್ಕೇಟ್‌ಬೋರ್ಡ್ ಓಡಿಸೋಕಾಗಲ್ಲ, ಏನನ್ನೂ ಬಚ್ಚಿಡೋಕಾಗಲ್ಲ. ಕೂರೋದಕ್ಕೆ ಹೇಗಿದೆ ಅಂತ ಕೂತವರೇ ಹೇಳಬೇಕು. ಸುಮ್ನೆ ಕೂತವನ ಮೇಲೆ ದೊಡ್ಡ ಊರುಗಳಿಗೆ ಎಷ್ಟು ಸಿಟ್ಟು ನೋಡಿ, ಕಾಂಕ್ರೀಟ್ ಕಲಸಿ ಹಾಕುವಷ್ಟು.

ಕೊನೆಗೆ ಒಂದು ದೊಡ್ಡ ಆಫೀಸ್ ಕಟ್ಟಡದ ಮುಂದೆ, ಮರದ ಕೆಳಗೆ, ಅಗಲವಾದ ಕಟ್ಟೆ ಕಂಡಿತು. ಕೂತೆವು. ಗಾಳಿ ಚೆನ್ನಾಗಿತ್ತು. ಹೆಂಡತಿ ಚಪ್ಪಲಿ ಬಿಟ್ಟು ಕಾಲು ಮಡಚಿದಳು. ಎರಡು ನಿಮಿಷಕ್ಕೆ ವಾಚ್‌ಮನ್ ಬಂದ. ವಯಸ್ಸಾದ ಮನುಷ್ಯ, ಕಂಕುಳಲ್ಲಿ ಉದ್ದನೆಯ ರಿಜಿಸ್ಟರ್.

“ಯಾರನ್ನ ನೋಡ್ಬೇಕಿತ್ತು ಸಾರ್?”

“ಯಾರನ್ನೂ ಇಲ್ಲಪ್ಪ. ಸುಮ್ನೆ ಕೂತಿದ್ದೀವಿ.”

“ಹಾಗೆಲ್ಲ ಕೂರಂಗಿಲ್ಲ ಸಾರ್. ಎಂಟ್ರಿ ಮಾಡಿ,” ಅಂತ ದಾರ ಕಟ್ಟಿದ ಪೆನ್ನು ಮುಂದೆ ಹಿಡಿದ.

ಹೆಸರು ಬರೆದೆ. ಫೋನ್ ನಂಬರ್ ಬರೆದೆ. ಮೂರನೇ ಕಾಲಂ ‘ಬಂದ ಉದ್ದೇಶ’. ಮೇಲಿನ ಸಾಲುಗಳಲ್ಲಿ ಮೀಟಿಂಗ್, ಕೊರಿಯರ್, ಇಂಟರ್ವ್ಯೂ, ಎಸಿ ರಿಪೇರಿ ಅಂತ ಇತ್ತು. ನಾನು ‘ಸು’ ಬರೆದು ಅವನ ಮುಖ ನೋಡಿದೆ. ಅವನು ತಲೆ ಅಡ್ಡಡ್ಡ ಆಡಿಸಿದ. “ಅದು ನಡೆಯಲ್ಲ ಸಾರ್, ಸಾಹೇಬ್ರು ಬೈತಾರೆ.”

ಹೆಂಡತಿ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡಳು. ‘ಸು’ ಹೊಡೆದುಹಾಕಿ ದುಂಡಗೆ ಬರೆದಳು: ಮದುವೆ ವಾರ್ಷಿಕೋತ್ಸವ.

ವಾಚ್‌ಮನ್ ಓದಿದ. ಮುಖ ಅರಳಿತು. “ಮೊದ್ಲೇ ಹೇಳೋದಲ್ವೇನಮ್ಮ! ಆರಾಮಾಗಿ ಕೂತ್ಕೊಳ್ಳಿ,” ಅಂದ. ನಾಲ್ಕು ಹೆಜ್ಜೆ ಹೋದವನು ತಿರುಗಿ ಕೇಳಿದ, “ಎಷ್ಟನೇದು?”

“ಹದಿನೆಂಟು,” ಅಂದೆವು, ಇಬ್ಬರೂ ಒಟ್ಟಿಗೇ.