ಸಣಕಲನ ಹೊಟ್ಟೆ

ಆಫೀಸಿನಲ್ಲಿ ತೂಕದ ಮಾತು ಬಂದರೆ ನಾನು ನಗುವ ಗುಂಪಿನವನು. ಐದಡಿ ಏಳಿಂಚು, 64 ಕೆಜಿ. ಊರಿಗೆ ಹೋದಾಗಲೆಲ್ಲ ಅವ್ವನದು ಒಂದೇ ಮಾತು: "ಎಷ್ಟ ಸೊರಗೀಯೋ, ಪುಣೆದಾಗ ಉಣ್ಣಾಕ ಸಿಗಂಗಿಲ್ಲೇನ?"

ಕಳೆದ ತಿಂಗಳ ಹೆಲ್ತ್ ಚೆಕಪ್‌ನಲ್ಲಿ ನರ್ಸ್ ಸೊಂಟಕ್ಕೆ ಟೇಪ್ ಸುತ್ತಿದಾಗ ಹೊಟ್ಟೆ ಒಳಗೆಳೆದುಕೊಂಡೆ. "ಸರ್, ಶ್ವಾಸ ಸೋಡಾ" ಅಂದರು ಮರಾಠಿಯಲ್ಲಿ, ಉಸಿರು ಬಿಡಿ ಅಂತ. ಬಿಟ್ಟೆ. 94 ಸೆಂಟಿಮೀಟರ್! ನಮ್ಮ ಗಂಡಸರಿಗೆ 90, ಹೆಂಗಸರಿಗೆ 80 ದಾಟಬಾರದು. ಫಾಸ್ಟಿಂಗ್ ಶುಗರ್ 108, ರಕ್ತದ ಕೊಬ್ಬು ಟ್ರೈಗ್ಲಿಸರೈಡ್ 212, ಒಳ್ಳೆ ಕೊಲೆಸ್ಟ್ರಾಲ್ ಬರೀ 36. ಬಿಪಿ ಒಂದೇ ಮಾನ ಉಳಿಸಿತು. ಈ ಐದರಲ್ಲಿ ಮೂರು ಕೆಟ್ಟರೆ ಸಾಕು, ಮೆಟಬಾಲಿಕ್ ಸಿಂಡ್ರೋಮ್ ಅಂತಾರೆ, ಅಂದರೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗೆ ದಾರಿ ಮಾಡುವ ಗುಂಪು ತೊಂದರೆ. ನಂದು ನಾಲ್ಕು.

ತಮಾಷೆ ಅಂದರೆ, ನನ್ನಂಥವರ ಕಥೆಯನ್ನು ಮೊದಲೇ ಹೇಳಿದವರು ಪುಣೆಯವರೇ. ಇಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಯುಡ್ಕಿನ್ ಅಕ್ಕಪಕ್ಕ ನಿಂತು ತೆಗೆಸಿಕೊಂಡ ಫೋಟೋ 2004ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಇಬ್ಬರದೂ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 22.3. ಮೈಯಲ್ಲಿನ ಕೊಬ್ಬು ಮಾತ್ರ ಯುಡ್ಕಿನ್ ಅವರಿಗೆ ಶೇ 9.1, ನಮ್ಮವರಿಗೆ ಶೇ 21.2. ಕೈಕಾಲು ಸಣ್ಣ, ಕೊಬ್ಬೆಲ್ಲ ಒಳಗೆ. ತೂಕದ ಯಂತ್ರಕ್ಕೆ ಇದು ಕಾಣೋದೇ ಇಲ್ಲ.

ಗೆಳೆಯರೆಲ್ಲ ಮಿಸಳ್, ವಡಾಪಾವ್ ಬಿಡು ಅಂದರು. ವಾರಕ್ಕೊಮ್ಮೆ ತಿನ್ನೋ ಮಿಸಳ್‌ಗೆ ಯಾಕಪ್ಪ ಬೈತೀರಿ? ನನ್ನ ದಿನ ನೋಡಿ. ವಾಕಡದಿಂದ ಹಿಂಜವಡಿಗೆ ಕಾರಲ್ಲಿ ಕೂತು ಒಂದು ಗಂಟೆ, ಅಲ್ಲಿ ಕುರ್ಚಿಯಲ್ಲಿ ಒಂಬತ್ತು ಗಂಟೆ, ಮತ್ತೆ ಕಾರು. ಐದು ಚಹಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ರಾತ್ರಿ ಒಂಬತ್ತೂವರೆಗೆ ಅಮೆರಿಕದವರ ಜೊತೆ ಕಾಲ್. ಹನ್ನೊಂದಕ್ಕೆ ಊಟ, ಹನ್ನೊಂದೂವರೆಗೆ ಹಾಸಿಗೆ. ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಂಡು ಸುಡೋದು ದುಡಿಯುವ ಸ್ನಾಯು. ಅದು ಸುಮ್ನೆ ಬಿದ್ದಿದ್ದರೆ ಮಿಕ್ಕ ಸಕ್ಕರೆಯನ್ನು ಲಿವರ್ ಕೊಬ್ಬು ಮಾಡುತ್ತದೆ. ಅಪ್ಪ ನನಗಿಂತ ಎರಡು ರೊಟ್ಟಿ ಜಾಸ್ತಿ ಉಣ್ಣುತ್ತಿದ್ದರು, ಆದರೆ ಉಂಡು ಹೊಲಕ್ಕೆ ಹೋಗುತ್ತಿದ್ದರು.

ನಮ್ಮ ಎಚ್‌ಆರ್ ಏನು ಮಾಡಿತು ಗೊತ್ತಾ? ತೂಕ ಇಳಿಸುವ ಸ್ಪರ್ಧೆ! ದಪ್ಪಗಿರುವವರು ಹೆಸರು ಕೊಟ್ಟರು, ನನ್ನಂಥ ಸಣಕಲರು ಚಪ್ಪಾಳೆ ತಟ್ಟಿದೆವು. ಪ್ಯಾಂಟ್ರಿಯಲ್ಲಿ ಬಾಳೆಹಣ್ಣಿನ ಬುಟ್ಟಿ ಇಟ್ಟರು. ರಾತ್ರಿ ಕಾಲ್ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ನಾನೇ ಕೇಳಿದೆ, ಅದನ್ನು ಸಂಜೆ ಏಳಕ್ಕೆ ತರಬಹುದಲ್ವಾ, ನ್ಯೂಯಾರ್ಕ್‌ನಲ್ಲಿ ಆಗಲೇ ಬೆಳಗಾಗಿರುತ್ತದೆ ಅಂತ. "ನೋಡೋಣ" ಅಂದರು. ನಾಲ್ಕು ವಾರ ಆಯ್ತು, ಇನ್ನೂ ನೋಡ್ತಿದ್ದಾರೆ.

ಅಲ್ಲಿವರೆಗೆ ನಾನೇ ಎಂಟಕ್ಕೆ ಉಂಡು, ಇಯರ್‌ಫೋನ್ ಹಾಕಿಕೊಂಡು ಸೊಸೈಟಿಯ ಪಾರ್ಕಿಂಗ್‌ನಲ್ಲಿ ಸುತ್ತುತ್ತಾ ಕಾಲ್ ಮುಗಿಸುತ್ತೇನೆ. ಚಹಾ ಎರಡಕ್ಕೆ ಇಳಿದಿದೆ. ಪಕ್ಕದ ಸೀಟಿನವನು ನನಗಿಂತ ಸಣಕಲ. ನನ್ನ ರಿಪೋರ್ಟ್ ನೋಡಿ ಅವನೂ ಟೇಪ್ ತರಿಸಿಕೊಂಡ. ಇನ್ನೂ ಅಳೆದುಕೊಂಡಿಲ್ಲವಂತೆ.