‘ಆಪರೇಟರ್‌ಗೆ ತರಬೇತಿ ನೀಡಲಾಗಿದೆ’

ಪೀಣ್ಯದ ಮಷಿನ್ ಶಾಪ್ ಆಗಲಿ, ಹುಬ್ಬಳ್ಳಿಯದಾಗಲಿ, ಐಎಸ್‌ಒ 9001 (ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ) ಸರ್ಟಿಫಿಕೇಟ್ ಇರುವ ಕಡೆ ಕರೆಕ್ಟಿವ್ ಆ್ಯಕ್ಷನ್ ಫೈಲ್, ಅಂದರೆ ತಪ್ಪು ಮರುಕಳಿಸದಂತೆ ಕೈಗೊಂಡ ಕ್ರಮಗಳ ದಾಖಲೆ, ತೆಗೆಸಿ ನೋಡಿ. ಬಹಳಷ್ಟು ಪುಟಗಳಲ್ಲಿ ಕಾರಣ: ‘ಆಪರೇಟರ್ ನಿರ್ಲಕ್ಷ್ಯ’. ಕ್ರಮ: ‘ಆಪರೇಟರ್‌ಗೆ ತರಬೇತಿ ನೀಡಲಾಗಿದೆ’. ತರಬೇತಿ ಅಂದರೆ ಹೆಚ್ಚಿನ ಸಲ ಬೈಗುಳ. ಈ ಎರಡು ಸಾಲು ಬರೆದ ಕ್ಷಣವೇ ಹುಡುಕಾಟ ನಿಂತುಹೋಗುತ್ತದೆ ಅನ್ನುವುದು ನನ್ನ ತಕರಾರು.

ಗ್ರಾಹಕ, ನಾಯಕತ್ವ, ಜನರ ತೊಡಗುವಿಕೆ, ಪ್ರಕ್ರಿಯೆ, ಸುಧಾರಣೆ, ಸಾಕ್ಷ್ಯದ ಮೇಲೆ ನಿರ್ಧಾರ, ಸಂಬಂಧ ನಿರ್ವಹಣೆ ಎಂಬ ಗುಣಮಟ್ಟ ನಿರ್ವಹಣೆಯ ಏಳು ತತ್ವಗಳು ಎಲ್ಲರಿಗೂ ಬಾಯಿಪಾಠ. ಶಾಪ್ ಫ್ಲೋರ್‌ನಲ್ಲಿ ಮೊದಲು ಕೈಕೊಡುವುದು ಪ್ರಕ್ರಿಯೆ ಮತ್ತು ಸಾಕ್ಷ್ಯ.

25 ಮಿ.ಮೀ. ವ್ಯಾಸದ ಶಾಫ್ಟ್, ಟಾಲರೆನ್ಸ್ (ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸ) ±0.02 ಮಿ.ಮೀ. ಅಂದುಕೊಳ್ಳಿ. 500ರ ಲಾಟ್‌ನಲ್ಲಿ 30 ಪೀಸ್ ‘ಓವರ್‌ಸೈಜ್’ ಎಂದು ವಾಪಸ್ ಬಂದಿವೆ.

ಮೊದಲು ಕೇಳಬೇಕಾದ್ದು, ಅಳೆದದ್ದು ಯಾವುದರಲ್ಲಿ? ಡಿಜಿಟಲ್ ವರ್ನಿಯರ್ 0.01 ತೋರಿಸುತ್ತದೆ ನಿಜ, ಆದರೆ ಅದಕ್ಕೆ ಅನುಮತಿಸಿದ ದೋಷವೇ ಸಾಮಾನ್ಯವಾಗಿ ±0.02ರ ಆಸುಪಾಸು. ಅದು 25.01 ಎಂದು ಪಾಸ್ ಮಾಡಿದ ಪೀಸ್ ನಿಜದಲ್ಲಿ 25.03 ಇರಬಹುದು. ಒಟ್ಟು ಟಾಲರೆನ್ಸಿನ ಹತ್ತನೇ ಒಂದು ಭಾಗವನ್ನಾದರೂ ಉಪಕರಣ ಓದಬೇಕು. ಇಲ್ಲಿ 0.004. ಅಂದರೆ 0.001 ಲೀಸ್ಟ್ ಕೌಂಟ್‌ನ (ಓದಬಲ್ಲ ಅತಿ ಚಿಕ್ಕ ಅಳತೆ) ಮೈಕ್ರೋಮೀಟರ್ ಬೇಕು. ಕ್ಯಾಲಿಬ್ರೇಷನ್ ಸ್ಟಿಕರ್ ಅಂಟಿಸಿದ ಮಾತ್ರಕ್ಕೆ ವರ್ನಿಯರ್ ಈ ಕೆಲಸಕ್ಕೆ ಲಾಯಕ್ಕಾಗುವುದಿಲ್ಲ.

ಆಮೇಲೆ ಇನ್ಸರ್ಟ್, ಅಂದರೆ ಲೇತ್‌ನಲ್ಲಿ ಲೋಹ ಕತ್ತರಿಸುವ, ಸವೆದಾಗ ಬದಲಿಸುವ ತುಂಡು. ಹೊರವ್ಯಾಸ ಟರ್ನಿಂಗ್‌ನಲ್ಲಿ ಇನ್ಸರ್ಟ್ ಸವೆದಂತೆ ಜಾಬ್ ನಿಧಾನಕ್ಕೆ ದಪ್ಪವಾಗುತ್ತಾ ಹೋಗುತ್ತದೆ. ಹಾಗಾಗಿ ಆ 30 ಪೀಸ್ ಇನ್ಸರ್ಟ್ ಬದಲಿಸುವುದಕ್ಕೆ ಸ್ವಲ್ಪ ಮುಂಚೆ ಬಂದವೇ ಅನ್ನುವುದು ಗೊತ್ತಾಗಬೇಕು. ಎಲ್ಲವನ್ನೂ ಒಂದೇ ಬಿನ್‌ಗೆ ಸುರಿದಿದ್ದರೆ ಗೊತ್ತಾಗುವುದಿಲ್ಲ. ಗಂಟೆಗೊಂದು ಟ್ರೇ, ಮೇಲೆ ಸಮಯದ ಚೀಟಿ: ಖರ್ಚಿಲ್ಲದ ಸಾಕ್ಷ್ಯ ಇದು, ಆದರೂ ಮಾಡುವವರು ಕಡಿಮೆ.

ಇದಕ್ಕೆ ಉಲ್ಟಾ ರೋಗವೂ ಉಂಟು. 25.008 ಬಂತು, ಆಫ್‌ಸೆಟ್ ಕೊಡು (ಟೂಲಿನ ಸ್ಥಾನ ತಿದ್ದು), ಮುಂದಿನದು 24.994, ವಾಪಸ್ ಕೊಡು. ಪ್ರಕ್ರಿಯೆ ಸ್ಥಿರವಾಗಿದ್ದು, ಬರುತ್ತಿರುವುದು ಬರೀ ಸಹಜ ಏರಿಳಿತವಾದರೆ, ಪ್ರತಿ ಪೀಸ್‌ಗೂ ಹೀಗೆ ತಿದ್ದಿದಾಗ ವೇರಿಯನ್ಸ್ (ಏರಿಳಿತವನ್ನು ಅಳೆಯುವ ಸಂಖ್ಯೆ) ಎರಡು ಪಟ್ಟಾಗುತ್ತದೆ. ಶ್ರದ್ಧೆ ಇರುವ ಆಪರೇಟರೇ ಈ ತಪ್ಪು ಹೆಚ್ಚು ಮಾಡುವುದು! ಯಾವಾಗ ಮುಟ್ಟಬೇಕು, ಯಾವಾಗ ಸುಮ್ಮನಿರಬೇಕು ಎಂದು ಹೇಳಲಿಕ್ಕೇ 1924ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ವಾಲ್ಟರ್ ಶೂಹಾರ್ಟ್ ಕಂಟ್ರೋಲ್ ಚಾರ್ಟ್ (ಅಳತೆಗಳ ಸಹಜ ಏರಿಳಿತದ ಮಿತಿ ತೋರಿಸುವ ನಕ್ಷೆ) ಹಾಕಿಕೊಟ್ಟಿದ್ದು. ನಮ್ಮಲ್ಲಿ ಆ ಚಾರ್ಟ್‌ನ ಗೆರೆಗಳನ್ನು ಡ್ರಾಯಿಂಗ್ ಟಾಲರೆನ್ಸ್ ನೋಡಿ ಎಳೆಯುತ್ತಾರೆ. ಅವು ಬರಬೇಕಾದ್ದು ಪ್ರಕ್ರಿಯೆಯ ಅಳತೆಗಳಿಂದ.

ಮೂಲ ಕಾರಣ ಹುಡುಕಲು ಐದು ಸಲ ‘ಯಾಕೆ’ ಕೇಳುವಾಗ ಮನುಷ್ಯನ ಹೆಸರು ಬಂದಲ್ಲಿ ನಿಲ್ಲಿಸಬೇಡಿ. ಯಾಕೆ ದಪ್ಪ? ಇನ್ಸರ್ಟ್ ಸವೆದಿತ್ತು. ಯಾಕೆ ಬದಲಿಸಲಿಲ್ಲ? ಎಷ್ಟು ಪೀಸ್‌ಗೆ ಬದಲಿಸಬೇಕೆಂಬ ಸಂಖ್ಯೆ ಹಳೆಯ ಬ್ರ್ಯಾಂಡಿನದು. ಯಾಕೆ? ಪರ್ಚೇಸ್‌ನವರು ಅಗ್ಗದ ಇನ್ಸರ್ಟ್ ತಂದರು, ಟ್ರಯಲ್ ಆಗಲಿಲ್ಲ. ಯಾಕೆ? ಬ್ರ್ಯಾಂಡ್ ಬದಲಾದರೆ ಪ್ರೊಡಕ್ಷನ್‌ಗೆ ತಿಳಿಸಬೇಕೆಂಬ ನಿಯಮವೇ ಇಲ್ಲ. ನಾಲ್ಕಕ್ಕೇ ಬುಡ ಸಿಕ್ಕಿತು, ಐದನ್ನು ಲೆಕ್ಕಕ್ಕಾಗಿ ತುಂಬಿಸಬೇಕಿಲ್ಲ. ಆಪರೇಟರ್ ಇದರಲ್ಲಿ ಎಲ್ಲೂ ಇಲ್ಲ.

 

30 ಪೀಸ್ ಆರಿಸಿ ರೀವರ್ಕ್ ಮಾಡಿದ್ದು ಕರೆಕ್ಷನ್ (ಆದ ತಪ್ಪಿನ ದುರಸ್ತಿ) ಅಷ್ಟೇ. ಬ್ರ್ಯಾಂಡ್ ಬದಲಾದರೆ ಟ್ರಯಲ್, ಹೊಸ ಸಂಖ್ಯೆ ಮಷಿನ್ ಪಕ್ಕದ ಹಾಳೆಯಲ್ಲಿ: ಇದು ಕರೆಕ್ಟಿವ್ ಆ್ಯಕ್ಷನ್. ಫಲ ಕೊಟ್ಟಿತೇ ಎಂದು ಪರಿಶೀಲಿಸುವುದನ್ನೂ ಐಎಸ್‌ಒ 9001ರ 10.2ನೇ ಕಲಂ ಕೇಳುತ್ತದೆ. ನನ್ನ ಲೆಕ್ಕದಲ್ಲಿ ಮುಂದಿನ ಮೂರು ಲಾಟ್‌ಗಳ ಅಳತೆ ಬರುವ ತನಕ ಆ ಫಾರ್ಮ್ ಓಪನ್ ಇರಲಿ. ಆಡಿಟರ್ ಬಂದು ಓಪನ್ ಇರುವುದನ್ನು ನೋಡಿದರೆ ನೋಡಲಿ.